ಇಲಿಯಮ್ಮ ಕೊಟ್ಟ ಅರ್ಧ

ಸಂಶೋಧನಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರಿಂದ ಅವಳಿಗೆ ಇಲಿಯಮ್ಮ ಎಂಬ ಹೆಸರು ಬಿತ್ತು. ತಮಾಷೆಗೆ ಮೊದಲು ಹಾಗೆ ಕರೆದವನು ಅಣ್ಣ. ಆಮೇಲೆ ಮನೆಮಂದಿಯೆಲ್ಲ ಅದನ್ನೇ ಹಿಡಿದುಕೊಂಡರು. ಅಣ್ಣ ಬಸ್ಸು ಓಡಿಸುತ್ತಿದ್ದ. ಮದುವೆ ಬೇಡವೆಂದ ತಂಗಿಯನ್ನು ತನ್ನ ಮನೆಯಲ್ಲೇ ಇರಿಸಿಕೊಂಡಿದ್ದ.

ಇಲಿಗಳಿದ್ದುದು ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲ, ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಪೆಟ್ಟಿಗೆಗಳು, ಮರದ ಹೊಟ್ಟಿನ ವಾಸನೆ, ಬಿಟ್ಟೂ ಬಿಡದೆ ಗರಗರ ಎನ್ನುವ ಗಾಳಿಯಂತ್ರ. ಅಲ್ಲಿನ ಮೇಡಂ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತಿದ್ದರು. ತಾಯಿಯ ಹೊಟ್ಟೆಯಲ್ಲಿ ಮರಿ ಬೆಳೆಯುವಾಗ ಎಡಗಾಲು ಬಲಗಾಲು ಒಂದೇ ಅಳತೆಗೆ ಬರುತ್ತವಲ್ಲ, ಹೃದಯ ಎದೆಗೂಡಿನಲ್ಲಿ ಹಿಡಿಸುವಷ್ಟೇ ಆಗುತ್ತದಲ್ಲ, ಅದು ಸುಮ್ಮನೆ ಆಗುವುದಿಲ್ಲ ಎಂದು ಅವರು ಹೇಳಿದ್ದರು. ಜೀವಕೋಶದೊಳಗೆ ಕೆಲವು ಪ್ರೋಟೀನುಗಳು ಬೆಳೆ ಎನ್ನುತ್ತವೆ, ಕೆಲವು ಸಾಕು ಎನ್ನುತ್ತವೆ. ಸಾಕು ಎನ್ನುವ ಒಂದು ಪ್ರೋಟೀನು ಕೆಲವು ಇಲಿಗಳ ಯಕೃತ್ತಿನಲ್ಲಿ ಹುಟ್ಟದಂತೆ ಮೇಡಂ ಮಾಡಿದ್ದರು.

ಆ ಇಲಿಗಳು ಮೊದಲು ಚೆನ್ನಾಗಿಯೇ ಇದ್ದವು. ಬರಬರುತ್ತಾ ಹೊಟ್ಟೆ ಉಬ್ಬಿತು. ಗಬ್ಬವಾಗಿರಬೇಕು ಅಂದುಕೊಂಡಳು ಇಲಿಯಮ್ಮ. ನೋಡಿದರೆ ಆ ಪೆಟ್ಟಿಗೆಯಲ್ಲಿದ್ದವೆಲ್ಲ ಗಂಡು. ಕೊಯ್ದಾಗ ಯಕೃತ್ತೇ ಹೊಟ್ಟೆ ತುಂಬ ಹರಡಿಕೊಂಡು ಕರುಳನ್ನು ಮೂಲೆಗೆ ಒತ್ತಿತ್ತು. ಕೊಯ್ಯದೆ ಬಿಟ್ಟವುಗಳಲ್ಲಿ ಮುಂದೆ ಗಡ್ಡೆಗಳೆದ್ದವು.

ಅದೇ ಹೊತ್ತಿಗೆ ಅಣ್ಣ ಹಾಸಿಗೆ ಹಿಡಿದ. ಯಕೃತ್ತು ಗಟ್ಟಿಯಾಗಿ ಸುಕ್ಕುಗಟ್ಟಿದೆ, ಕ್ಯಾನ್ಸರ್ ಗಡ್ಡೆಯೂ ಇದೆ, ಬದಲಿಸುವುದೊಂದೇ ದಾರಿ ಎಂದರು ವೈದ್ಯರು. ಮನೆಯವರು ಯಾರಾದರೂ ಅರ್ಧ ಕೊಟ್ಟರೂ ನಡೆಯುತ್ತದೆ, ಇಬ್ಬರಲ್ಲೂ ಅದು ಮತ್ತೆ ಬೆಳೆದು ತುಂಬಿಕೊಳ್ಳುತ್ತದೆ ಎಂದರು. ಅತ್ತಿಗೆಯ ರಕ್ತ ಹೊಂದಲಿಲ್ಲ, ಇಲಿಯಮ್ಮನದು ಹೊಂದಿತು. ಅತ್ತಿಗೆ ಬಾಯಿಬಿಟ್ಟು ಕೇಳಲಿಲ್ಲ. ಬಡಿಸುವಾಗ ಮುಖ ನೋಡುವುದನ್ನು ಮಾತ್ರ ಬಿಟ್ಟಳು.

ಇಲಿಯಮ್ಮ ತಾನಾಗಿಯೇ ಹೂಂ ಅಂದಳು. ಬೆಳೆಯದೇ ಹೋದರೆ ಎಂದು ಮನೆಯವರಿಗೆ ಭಯ. ಅವಳಿಗೆ ಬೆಳೆಯುವುದು ನಿಲ್ಲದೇ ಹೋದರೆ ಎಂದು.

“ಬೆಳಿಯೋದು ಸರಿ ಡಾಕ್ಟ್ರೇ,” ಎಂದಳು. “ಇಷ್ಟು ಸಾಕು ಅಂತ ಅದಕ್ಕೆ ಹೇಳೋರು ಯಾರು?”

ಹೇಳುವುದು ನಿಮ್ಮೊಳಗೇ ಇದೆ, ಹುಟ್ಟುವಾಗಲೇ ಬಂದಿದೆ ಎಂದು ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಹೊಲಿಗೆಯ ಕೆಳಗೆ ಏನೋ ಹಬ್ಬುತ್ತಿದೆ ಅನ್ನಿಸತೊಡಗಿತು. ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಅಡ್ಡ ನಿಂತು ಹೊಟ್ಟೆ ನೋಡಿಕೊಳ್ಳುವಳು. ಕಡಿಮೆ ತಿಂದರೆ ಕಡಿಮೆ ಬೆಳೆದೀತೆಂದು ಊಟವನ್ನೂ ತಗ್ಗಿಸಿದಳು. ಅತ್ತಿಗೆಗೆ ಅದು ಗೊತ್ತಾಗಿ, ಎದುರಿಗೇ ಕೂತು ಬೈದು ಉಣ್ಣಿಸಿದಳು.

ಸ್ಕ್ಯಾನ್ ಮಾಡಿದಾಗ ಯಕೃತ್ತು ಹೆಚ್ಚುಕಡಿಮೆ ಹಳೆಯ ಗಾತ್ರಕ್ಕೆ ಬಂದು ನಿಂತಿತ್ತು. ಇಲಿಯಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಅಣ್ಣನ ಕಣ್ಣಿನ ಹಳದಿಯೂ ಇಳಿಯಿತು. ಈಗ ಹೊಟ್ಟೆಯೊಳಗೇ ತಂಗಿ ಕೂತಿದ್ದಾಳೆ, ಎದುರು ಮಾತಾಡೋ ಹಾಗಿಲ್ಲ ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದ.

ಮರುವರ್ಷ ಅವನಿಗೆ ಒಣಕೆಮ್ಮು ಹತ್ತಿಕೊಂಡಿತು. ಶ್ವಾಸಕೋಶದಲ್ಲಿ ಅಲ್ಲಲ್ಲಿ ಚುಕ್ಕೆಗಳು ಕಂಡವು. ಅದೂ ಕ್ಯಾನ್ಸರೇ ಎಂದು ವೈದ್ಯರು ವಿವರಿಸಿ ಹೋದರು. ಅತ್ತಿಗೆ ಔಷಧಿ ತರಲು ಎದ್ದು ಹೋದಾಗ ಅಣ್ಣ ದನಿ ತಗ್ಗಿಸಿ ತಂಗಿಯನ್ನು ಕೇಳಿದ:

“ನೀನು ಕೊಟ್ಟಿದ್ರಲ್ಲಿ ಏನಾದ್ರೂ ಎದ್ದಿದ್ಯೇನೇ? ಹಾಗಿದ್ರೆ ನಿಂಗೂ ಇರುತ್ತಲ್ಲ.”

“ಇಲ್ಲಣ್ಣ. ಅದು ನೆಟ್ಟಗಿದೆ. ಇದು ನಿನ್ನ ಹಳೇ ಗಡ್ಡೇದೇ, ಅದನ್ನ ತೆಗೆಯೋಕೆ ಮುಂಚೆನೇ ಅಲ್ಲಿಂದ ಹೊರಟುಬಿಟ್ಟಿತ್ತು.”

“ಸದ್ಯ,” ಎಂದ ಅಣ್ಣ, ಬೆನ್ನು ಹಿಂದಕ್ಕೆ ಒರಗಿಸಿ.

ಮಾತ್ರೆಗಳು ಕೆಲವು ತಿಂಗಳು ಅದನ್ನು ತಡೆದವು, ಆಮೇಲೆ ತಡೆಯಲಿಲ್ಲ. ಬೇಸಿಗೆಯಲ್ಲಿ ಅವನು ಹೋದ. ಆ ಅರ್ಧ ಕೊನೆಯವರೆಗೂ ಅಳತೆ ಮೀರಿರಲಿಲ್ಲ, ಒಂಚೂರೂ ಕೆಟ್ಟಿರಲಿಲ್ಲ ಎಂದು ವೈದ್ಯರು ಇಲಿಯಮ್ಮನನ್ನು ಕರೆದು ಹೇಳಿದರು. ಅದನ್ನು ಕೇಳಿ ಅವಳು ಅತ್ತಿಗೆಯ ಕೈ ಹಿಡಿದುಕೊಂಡು ಮನೆಗೆ ಬಂದಳು.