ಹೊಡೆದಿಲ್ಲ, ಹಿಡಿದಿದ್ದೇವೆ ಅಷ್ಟೇ

ದಸರೆ ರಜೆಗೆ ಮಗಳನ್ನು ಮನೆಗೆ ಕರೆತಂದಿದ್ದೆ. ಅವಳಿಗೆ ಒಂಬತ್ತು ವರ್ಷ, ಇನ್ನೂ ಮಾತು ಬಂದಿಲ್ಲ. ನವಲಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಇಂಥ ಮಕ್ಕಳಿಗೆ ಕಲಿಸುವವರಿಲ್ಲವೆಂದು, ಮಾತು ಕಲಿಸುವ ವಸತಿ ಶಾಲೆಗೆ ಆ ವರ್ಷವೇ ಸೇರಿಸಿದ್ದೆವು.

ಒಂದು ದಿನ ನೆಂಟರು ಬಂದರು. ಅತ್ತೆ ಜಮಖಾನೆ ಹಾಸಿದ್ದೇ ತಡ, ಮಗಳು ಬಂದು ಅದರ ಮೇಲೆ ಬೋರಲು ಮಲಗಿ, ಎರಡೂ ಕೈಗಳನ್ನು ಬೆನ್ನ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು.

"ಅಗದಿ ಶ್ಯಾಣ್ಯಾ ಆಗ್ಯಾಳ ನೋಡವಾ! ಮೊದ್ಲ ಒಂದ ಕಡೆ ನಿಲ್ತಿದ್ದಿಲ್ಲ," ಎಂದಳು ನೆಗೆಣ್ಣಿ. ನೆಂಟರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಯಾವ ಕೂಸು ತಾನಾಗಿ ಹಾಗೆ ಮಲಗುತ್ತದೆ? ಅಷ್ಟು ಜನರಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆಯಲಿಲ್ಲ.

"ಸುತ್ತ ಹತ್ತೂರಿಗೆ ಅದೊಂದ ಸಾಲಿ. ಅಕ್ಕೋರ ಜೋಡಿ ಜಗಳಾ ತಗದ್ರ ಕೂಸಿನ್ನ ಎಲ್ಲಿ ಹಾಕ್ತಿ?" ಎಂದರು ಮನೆಯವರು. ಅವರು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಮರುದಿನ ಒಬ್ಬಳೇ ಬಸ್ಸು ಹತ್ತಿದೆ. ಊರಿಗೆ ಹೋಗದ ಮಕ್ಕಳೂ ಇದ್ದುದರಿಂದ ಶಾಲೆ ತೆರೆದಿತ್ತು. ಶಾಲೆಯ ಮುಖ್ಯಸ್ಥೆ ದೊಡ್ಡ ಅಕ್ಕೋರು ಚಹಾ ತರಿಸಿದರು. ಬೇಡವೆಂದರೂ ತರಿಸಿದರು. ಸಿಟ್ಟಾದವರ ಕೈಗೆ ಕಪ್ಪು ಕೊಟ್ಟರೆ ಮಾತು ಮುಗಿಯಿತೆಂದು ಎಲ್ಲರೂ ತಿಳಿದಿರುತ್ತಾರೆ. ಮಗಳು ಮಲಗಿದ ರೀತಿಯನ್ನು ಹೇಳಿ, ಅವಳಿಗೆ ಏನು ಮಾಡಿದಿರಿ ಎಂದು ಕೇಳಿದೆ.

"ಹೊಡದಿಲ್ರಿ ಯವ್ವಾ, ದೇವರಾಣಿಗೂ. ಹಟಾ ಮಾಡಿದ್ರ ಜಮಖಾನಿ ಮ್ಯಾಲ ಮಲಗಿಸಿ ಹಿಡ್ಕೋತೀವಿ. ಪೆಟ್ಟಾಗಬಾರದಲ್ರಿ? ಸುಮ್ಮನಾದ್ರ ಬಿಡ್ತೀವಿ."

ಹೊಡೆದಿಲ್ಲ, ಹಿಡಿದಿದ್ದೇವೆ ಅಷ್ಟೇ. ಇದನ್ನೇ ನಾಲ್ಕು ಸಲ ತಿರುಗಿಸಿ ತಿರುಗಿಸಿ ಹೇಳಿದರು. ಕೇಳಿ ಕೇಳಿ ಸಾಕಾಯಿತು.

"ಹಂಗಾದ್ರ ನನ್ನ ಹಿಡದ ತೋರಸ್ರಿ," ಎಂದೆ.

ನಕ್ಕರು. ನಾನು ಮರ್ಯಾದೆಯನ್ನೆಲ್ಲ ಬದಿಗಿಟ್ಟು ಆಫೀಸಿನ ನೆಲದ ಮೇಲೆ ಬೋರಲು ಮಲಗಿಯೇಬಿಟ್ಟೆ. ಬಾಗಿಲಲ್ಲಿದ್ದ ಇಬ್ಬರು ಆಯಾಗಳು ಮುಖ ಮುಖ ನೋಡಿಕೊಂಡರು. ಹೇಗಾದರೂ ಈ ಪೀಡೆ ತೊಲಗಲಿ ಎಂಬಂತೆ ದೊಡ್ಡ ಅಕ್ಕೋರು ಸನ್ನೆ ಮಾಡಿದರು. ಒಬ್ಬಳು ನನ್ನ ಕೈಗಳನ್ನು ಬೆನ್ನಿಗೆ ಒತ್ತಿದಳು, ಇನ್ನೊಬ್ಬಳು ಕಾಲ ಮೇಲೆ ಕೂತಳು. ಪಾಪ, ಮೆತ್ತಗೇ ಹಿಡಿದಿದ್ದರು. ಆದರೂ ಗಲ್ಲ ನೆಲಕ್ಕೆ ಒತ್ತಿ, ಉಸಿರು ಸಾಲದಾಯಿತು. ನಿಜಕ್ಕೂ ಹೆದರಿದೆ.

"ಬಿಡ್ರಿ," ಎಂದೆ.

ತಟ್ಟನೆ ಬಿಟ್ಟರು. ಒಬ್ಬಳು ನನ್ನ ಸೆರಗಿನ ಧೂಳನ್ನೂ ಕೊಡವಿದಳು.

"ನೋಡಿದ್ರಿಲ್ಲೋ, ಬಿಡ್ರಿ ಅಂದ ಕೂಡ್ಲೆ ಬಿಟ್ರು," ಎಂದರು ದೊಡ್ಡ ಅಕ್ಕೋರು.

"ನನಗ ಅನ್ನಾಕ ಬರ್ತದರಿ. ಆಕಿಗೆ ಬರೂದಿಲ್ಲ. ಅದನ್ನ ಕಲಸ್ರಿ ಅಂತನ ನಿಮ್ಮ ಕಡೆ ತಂದು ಬಿಟ್ಟಿದ್ದೆ."

ಅವರು ಆರಿದ ಚಹಾದ ಕಪ್ಪನ್ನು ನನ್ನತ್ತ ಸರಿಸಿದರು. ಮಗಳ ಟ್ರಂಕು ಕೊಡಿಸಿ ಎಂದೆ.