ಎಂಜಿನ್ನನ್ನು ಆರು ಇಂಚು ಹಿಂದಕ್ಕೆ ಸರಿಸುವ ಯೋಜನೆ

ನಾನು ಹಳೆಯದಾಗಿ ಕೊಂಡ ಈ ಕಾರನ್ನು ಮೊದಲು ಜೋಡಿಸಿದವನು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವನ ಮನೆಗೆ ಹೋಗಿ ಸಡಿಲವಾಗಿದ್ದ ಒಂದೊಂದು ಬೋಲ್ಟನ್ನೂ ಅವನ ಕೈಗಿಟ್ಟು ಬರುತ್ತಿದ್ದೆ. ಬಿಡಿಭಾಗಗಳ ಕಿಟ್ ತರಿಸಿ ಮನೆಯಲ್ಲೇ ಕಟ್ಟಿಕೊಳ್ಳುವ, ಎರಡೇ ಸೀಟಿನ ತಗ್ಗು ಸ್ಪೋರ್ಟ್ಸ್ ಕಾರು ಅದು. ಕಟ್ಟಿದ ಮಹಾಶಯನಿಗೆ ವಾಷರ್ ಎಂಬ ವಸ್ತುವಿನ ಪರಿಚಯವೇ ಇರಲಿಲ್ಲ. ಸಂಡೂರಿನ ಗಣಿ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಫೋರ್‌ಮನ್ ಆಗಿದ್ದ ನಾನು, ಹೊಸಪೇಟೆಯ ಮನೆಯ ಶೆಡ್ಡಿನಲ್ಲಿ ಅದನ್ನು ಪೂರ್ತಿ ಬಿಚ್ಚಿ, ಮಾಡಬೇಕಾದ ಬದಲಾವಣೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ನನ್ನ ಬಲಮಂಡಿ ಆಗಲೇ ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಅದು ಪೂರ್ತಿ ಕೈಕೊಡುವ ಮುನ್ನ ನಾನೇ ಓಡಿಸಿಕೊಂಡು ಕಡ್ಡಿರಾಂಪುರ ದಾಟಿ ಹಂಪಿಗೆ ಹೋಗಿ ಬರಬೇಕೆಂಬುದೊಂದೇ ಆಸೆ.

ಸಲಹೆಗಾರರಿಗೆ ಬರವಿರಲಿಲ್ಲ. ಗಾದಿಗನೂರಿನ ವೆಲ್ಡರ್ ಹುಟ್ಟಿದಾಗಿನಿಂದ ಟಿಪ್ಪರ್ ಬಿಟ್ಟು ಬೇರೇನನ್ನೂ ಕಂಡವನಲ್ಲ. ಅವನ ಪ್ರಕಾರ ಬದಲಾವಣೆ ಎಂದರೆ ಇನ್ನಷ್ಟು ದಪ್ಪ ಕಬ್ಬಿಣ.

"ಹತ್ತು ಎಂಎಂ ಪ್ಲೇಟ್ ಹಾಕಿಬಿಡ್ರಿ ಸಾಹೇಬ್ರ, ಜನ್ಮಕ್ಕ ಬಗ್ಗಂಗಿಲ್ಲ."

ಇದರಲ್ಲಿ ಅದಿರು ಹೇರುವುದಿಲ್ಲವೆಂದು ತಿಳಿಸಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಆ ನೋಟ ನನಗಿನ್ನೂ ನೆನಪಿದೆ.

ನನ್ನ ಮುಖ್ಯ ಯೋಜನೆ ಎಂಜಿನ್ನನ್ನು ಆರು ಇಂಚು ಹಿಂದಕ್ಕೆ ಸರಿಸುವುದು; ಭಾರ ನಾಲ್ಕೂ ಚಕ್ರಗಳಿಗೆ ಸಮನಾಗಿ ಹಂಚಿಹೋಗುತ್ತಿತ್ತು. ವರ್ಕ್‌ಶಾಪಿನ ಪದ್ಧತಿಯಂತೆ ಶೆಡ್ಡಿನ ನೆಲದ ಮೇಲೆ ಇಡೀ ಕಾರನ್ನು ನಿಜ ಅಳತೆಯಲ್ಲಿ ಸೀಮೆಸುಣ್ಣದಿಂದ ಬರೆದೆ; ಎಂಜಿನ್ನಿನ ಚೌಕವನ್ನು ಅದರ ಹೊಸ ಜಾಗದಲ್ಲಿ ಹಾಕಿದೆ. ಆಗ ಬಂದವನು ಕಂಪ್ಲಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿಟ್ಟಿರುವ ನನ್ನ ಹೆಂಡತಿಯ ತಮ್ಮ. ಹಿಂದೆ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ, ಎಲ್ಲರೂ ಕೇಳುವಂತೆ, ಈ ಕಾರನ್ನು ಸೋಪಿನ ಡಬ್ಬಿ ಎಂದಿದ್ದವನು. ಚಿತ್ರವನ್ನು ಎರಡು ಸುತ್ತು ಹಾಕಿ ನಿಂತ.

"ಭಾವಾ, ಎಲ್ಲಾ ಅಳತಿ ಬರ್ದೀರಿ. ನಿಮ್ಮ ಕಾಲು ಎಲ್ಲಿ ಬರ್ದೀರಿ?"

ಹೋಗಿ ನಿನ್ನ ಟ್ರ್ಯಾಕ್ಟರ್ ನೋಡಿಕೋ ಎಂದೆ. ಅವನು ಸೀಟಿನ ಗೆರೆಯೊಳಗೆ ಒಂದು ಹಲಗೆ ಇಟ್ಟು, "ಕುಂದ್ರಿ, ನೋಡೂನು" ಎಂದ. ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಕೂರದಿದ್ದರೆ ಹೆದರಿದಂತಾಗುತ್ತಿತ್ತು. ಕೂತೆ. ಎಂಜಿನ್ನಿನ ಜೊತೆ ಪೆಡಲುಗಳೂ ಆರು ಇಂಚು ನನ್ನತ್ತ ಬಂದಿದ್ದವು. ಮಡಚಲಾರದ ನನ್ನ ಬಲಗಾಲು ಪೆಡಲಿನ ಗೆರೆ ದಾಟಿ ಎಂಜಿನ್ನಿನ ಚೌಕದೊಳಗೆ ಚಾಚಿಕೊಂಡಿತ್ತು.

"ಎಂಜಿನ್ ಸುಡತೈತಿ, ಅದರಾಗ ಕಾಲು ಇಡಬ್ಯಾಡ್ರಿ, ಭಾವಾ," ಎಂದ.

ಹೆಂಡತಿ ಮುಖವನ್ನು ಅತ್ತ ತಿರುಗಿಸಿದಳು. ಮೇಲೇಳಲು ಅವನ ಕೈಯನ್ನೇ ಹಿಡಿಯಬೇಕಾಯಿತು.

ಗಣಿಯಲ್ಲಿ ನಾವು ವಾಹನವನ್ನು ಸರಿಪಡಿಸುತ್ತಿದ್ದೆವು. ಡ್ರೈವರ್ ತಾನೇ ಬಗ್ಗಿ, ಕುಗ್ಗಿ, ಹೊಂದಿಕೊಳ್ಳುತ್ತಿದ್ದ. ಮೂವತ್ತೊಂದು ವರ್ಷಗಳಲ್ಲಿ ಒಬ್ಬ ಡ್ರೈವರನ ಕಾಲನ್ನೂ ನಾನು ಅಳೆದವನಲ್ಲ. ಆದರೆ ಅದನ್ನು ಸೋಪಿನ ಡಬ್ಬಿಯವನ ಬಾಯಿಂದ ಕೇಳಬೇಕಾಯಿತಲ್ಲ, ಅದನ್ನು ನಾನು ಕ್ಷಮಿಸಿಲ್ಲ.

ಅವನು ಹೋದ ಮೇಲೆ ಒದ್ದೆ ಬಟ್ಟೆಯಿಂದ ಚೌಕವನ್ನು ಒರೆಸಿ, ವಾಷರ್ ಅರಿಯದ ಆ ಮಹಾಶಯ ಎಂಜಿನ್ ಕೂರಿಸಿದ್ದ ಹಳೆಯ ಜಾಗದಲ್ಲೇ ಮತ್ತೆ ಬರೆದೆ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದೆ. ನನ್ನ ಸೊಂಟದಿಂದ ಹಿಮ್ಮಡಿಯವರೆಗೆ ಟೇಪು ಹಿಡಿಯಲು ಇನ್ನೊಂದು ಕೈ ಬೇಕಿತ್ತು, ಹೆಂಡತಿಯನ್ನು ಕರೆದೆ.

"ನೆಟ್ಟಗ ನಿಂದರ್ರಿ," ಎಂದಳು.