ಜೋಡು ಕಾಣದ ಗೋಡೆ

ಅವರನ್ನು ಎಲ್ಲರೂ ಬಾಚಣಿಗೆ ಎಂದೇ ಕರೆಯುತ್ತಿದ್ದರು. ತಲೆಯಲ್ಲಿ ಬಾಚಲು ಏನೂ ಉಳಿದಿರಲಿಲ್ಲ. ಅವರು ಬಾಚುತ್ತಿದ್ದುದು ಗೋಡೆಗಳನ್ನು. ನಯವಾಗಿರುವ ಗೋಡೆಯನ್ನು ಜನ ಕರೆಸಿ ಒರಟು ಮಾಡಿಸಿಕೊಳ್ಳುವುದಕ್ಕೆ ಟೆಕ್ಸ್ಚರ್ ಎನ್ನುತ್ತಾರೆಂದು ನನಗೆ ಕಲಿಸಿದವಳು ಹೆಂಡತಿ. ನಡುಮನೆಯ ಒಂದು ಗೋಡೆಗೆ ಅದು ಬೇಕೇ ಬೇಕೆಂದಳು. ಮನೆಯಲ್ಲಿ ನನ್ನ ಮಾತಿಗೆ ಎದುರಾಡದೆ ಇರುವುದು ಗೋಡೆಗಳು ಮಾತ್ರ, ಹಾಗಾಗಿ ಒಪ್ಪಿದೆ.

ದಪ್ಪ ಬಣ್ಣ ಬಳಿದು, ಅದು ಹಸಿಯಾಗಿರುವಾಗಲೇ ಬಾಚಣಿಗೆಯಂತೆ ಹಲ್ಲುಗಳಿರುವ ರಬ್ಬರ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎಳೆದರೆ ಗೆರೆಗಳು ಏಳುತ್ತವೆ. ಒಂದು ಅಂಚು ಆರುವ ಮೊದಲೇ ಪಕ್ಕದ್ದು ಬಂದು ಸೇರಬೇಕು. ನಡುವೆ ನಿಂತರೆ ಎರಡು ಅಂಚು ಸೇರಿದ ಗುರುತು, ಅಂದರೆ ಜೋಡು, ಕಾಣುತ್ತದೆ, ಆಮೇಲೆ ಏನು ಮಾಡಿದರೂ ಮುಚ್ಚುವುದಿಲ್ಲ. ಬೇರೆಯವರು ಮುಂದುವರಿಸುವಂತೆಯೂ ಇಲ್ಲ; ಪತ್ರದ ನಡುವೆ ಕೈಬರಹ ಬದಲಾದ ಹಾಗೆ ಎದ್ದು ಕಾಣುತ್ತದೆ. ಮೂವತ್ತು ವರ್ಷ ಬಾಚಣಿಗೆಯವರ ಗೋಡೆಯಲ್ಲಿ ಯಾರೂ ಜೋಡು ಕಂಡಿರಲಿಲ್ಲ.

ಆ ವರ್ಷ ಅವರ ಬಲಗೈ ನಡುಗತೊಡಗಿತ್ತು. ಕೆಲಸ ಕೊಡುವ ಕಂಟ್ರಾಕ್ಟರಿಗೆ ಗುಮಾನಿ ಬಂದಿತ್ತು. "ಈ ಗೋಡೆ ನೋಡಿ ಹೇಳ್ತೀನಿ, ಇಟ್ಕೊಳ್ಳೋದೋ ಬಿಡೋದೋ" ಎಂದು ನನ್ನೆದುರೇ ಅಂದು ಹೋಗಿದ್ದ.

ಮರುದಿನ ಅವರು ಏಣಿ ಹತ್ತಿದರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದು ಪಟ್ಟಿ ಎಳೆಯುತ್ತಿದ್ದರು. ಗೆರೆ ಮಾತ್ರ ನೇರವಾಗಿ ಬೀಳುತ್ತಿತ್ತು. ನಾನು ಕುರ್ಚಿ ಹಾಕಿಕೊಂಡು ಕೂತಿದ್ದೆ. ಬೇರೆಯವರ ಕೆಲಸ ನೋಡುವುದರಲ್ಲಿ ನನ್ನಷ್ಟು ಶ್ರಮಜೀವಿ ಇನ್ನೊಬ್ಬನಿಲ್ಲ. ಅರ್ಧ ಗೋಡೆ ಮುಗಿದಾಗ ಅವರ ಕತ್ತಿನ ಬೆವರು ಕಂಡು ಕರುಣೆ ಉಕ್ಕಿತು. ಕರುಣೆ ಬಂದಾಗ ನನ್ನ ಬುದ್ಧಿ ರಜೆ ಹಾಕುತ್ತದೆ.

"ಅಣ್ಣಾ, ಐದು ನಿಮಿಷ ಇಳೀರಿ. ಗೋಡೆ ಎಲ್ಲೂ ಓಡಿಹೋಗಲ್ಲ."

"ಬೇಡ ಸಾರ್, ಹಸಿ ಆರಿಬಿಡುತ್ತೆ."

"ಮೇಲಿಂದ ಬಿದ್ದುಗಿದ್ದರೆ ನನ್ನ ಕತೆ ಏನು? ಇಳೀರಿ ಅಂದ್ರೆ ಇಳೀರಿ."

ಮನೆ ಯಜಮಾನನ ಮಾತೆಂದು ಇಳಿದರು. ನೀರು ಕೊಟ್ಟವನು ಸುಮ್ಮನಿರದೆ ನನ್ನ ಬೆನ್ನುನೋವಿನ ಪುರಾಣ ಬಿಚ್ಚಿದೆ. ಅವರು ಮರ್ಯಾದೆಗೆ ತಲೆಯಾಡಿಸುತ್ತ ಕಣ್ಣನ್ನು ಗೋಡೆಯ ಮೇಲೇ ನೆಟ್ಟಿದ್ದರು. ಮತ್ತೆ ಏಣಿ ಹತ್ತುವಾಗ ಇಪ್ಪತ್ತು ನಿಮಿಷವಾಗಿತ್ತು. ಗೋಡೆಯ ನಟ್ಟನಡುವೆ, ಹೊಲಿಗೆ ಹಾಕಿದ ಗಾಯದ ಹಾಗೆ, ಜೋಡು ಎದ್ದು ನಿಂತಿತು.

ಸಂಜೆ ಕಂಟ್ರಾಕ್ಟರ್ ಬಂದು ಅದನ್ನು ಬೆರಳಿನಿಂದ ಸವರಿದ. "ಯಾಕೆ ನಿಲ್ಲಿಸಿದ್ರಿ?"

ನಾನು ಬಾಯಿ ತೆರೆಯಬೇಕಿತ್ತು. ತಪ್ಪು ನನ್ನದೆಂದರೆ ಕಂಟ್ರಾಕ್ಟರ್ ಪುಕ್ಕಟೆ ಸರಿಮಾಡಿಸಿಕೊಡುವುದಿಲ್ಲ, ಗೋಡೆ ಹಾಗೆಯೇ ಉಳಿಯುತ್ತದೆ, ಹೆಂಡತಿಗೆ ಉತ್ತರ ಕೊಡಬೇಕಾಗುತ್ತದೆ ಎಂಬುದಷ್ಟೇ ತಲೆಯಲ್ಲಿ ಓಡಿತು. ಬಗ್ಗಿ ನೀರಿನ ಖಾಲಿ ಲೋಟ ಎತ್ತಿಕೊಂಡೆ.

ಬಾಚಣಿಗೆಯವರು ನನ್ನತ್ತ ಒಮ್ಮೆ ನೋಡಿದರು. "ಕೈ ಸೋತುಬಂತು" ಎಂದರು.

"ಸರಿ, ಹಾಗಾದ್ರೆ ಕೆಲಸ ಬಿಡಿ" ಎಂದ ಕಂಟ್ರಾಕ್ಟರ್. ಎರಡು ದಿನದಲ್ಲಿ ಬೇರೊಬ್ಬ ಬಂದು ಇಡೀ ಗೋಡೆಯನ್ನು ಉಜ್ಜಿ ತೆಗೆದು ಹೊಸದಾಗಿ ಬಾಚಿದ. ಚೆನ್ನಾಗಿಯೇ ಬಾಚಿದ.

ಎರಡು ತಿಂಗಳ ಮೇಲೆ ಧೈರ್ಯ ಮಾಡಿ ಅವರ ಮನೆ ಹುಡುಕಿಕೊಂಡು ಹೋದೆ. ಆಮೇಲೆ ಯಾರೂ ಕೆಲಸಕ್ಕೆ ಕರೆದಿರಲಿಲ್ಲವಂತೆ. ಒಳಕೋಣೆಯಲ್ಲಿ ಅವರು ಆ ಕಡೆ ಮುಖ ಮಾಡಿ ಮಲಗಿದ್ದುದು ಕಾಣುತ್ತಿತ್ತು. ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ಅಕ್ಕಾ, ಅವತ್ತಿನ ತಪ್ಪು ನಂದು..."

"ಗೊತ್ತು. ಎಲ್ಲ ಹೇಳಿದ್ದಾರೆ. ಅವರಿಗೆ ನಿಮ್ಮ ಮೇಲೆ ಬೇಜಾರಿಲ್ಲ." ದನಿ ಏರಿಸದೆ ಅಂದರು, "ನನಗಿದೆ."

ನಾನು ಮೆಟ್ಟಿಲು ಇಳಿದೆ.